ಟಿಕೆಟ್ ಇಲ್ಲದ ನಲವತ್ತು ಗಿಡಗಳು

ಮನುಷ್ಯನಿಗೆ ಅಡ್ಡಹೆಸರು ಬೀಳುವುದು ಬಹುಪಾಲು ಅವನ ಬಾಯಿಯ ದೆಸೆಯಿಂದಲೇ. ನಮ್ಮ ಬೀದಿಯ ಕೊನೆಯಲ್ಲಿರುವ ನರ್ಸರಿಯವನು ತಾಯಿಮರದಣ್ಣ ಆದದ್ದೂ ಹಾಗೆಯೇ. ಅವನು ಮಾರುತ್ತಿದ್ದುದು ನಿಂಬೆಗಿಡ ಒಂದೇ. ಗಿರಾಕಿ ಯಾವುದಾದರೂ ಗಿಡದ ಮೇಲೆ ಕೈಯಿಟ್ಟರೆ ಸಾಕು, ಅವರ ಭುಜ ಹಿಡಿದು ಹಿತ್ತಲ ಕಡೆ ತಿರುಗಿಸುತ್ತಿದ್ದ. ಅಲ್ಲಿ ಗೋಡೆಗೆ ಒರಗಿಕೊಂಡು ಒಂದು ಮುದಿ ನಿಂಬೆಮರ ನಿಂತಿತ್ತು. ಈ ನರ್ಸರಿಯ ಒಂದೊಂದು ಗಿಡವೂ ಆ ತಾಯಿಮರದ ಕಡ್ಡಿಯಿಂದಲೇ ಕಸಿ ಕಟ್ಟಿದ್ದು, ಹೊರಗಿನ ಒಂದು ಎಲೆಯೂ ಈ ಗೇಟು ದಾಟಿ ಒಳಗೆ ಬಂದಿಲ್ಲ ಎಂದು ಅವನು ಹೇಳುವಾಗ ದನಿ ಸ್ವಲ್ಪ ಗದ್ಗದವಾಗುತ್ತಿತ್ತು. ಕೇಳಿದವರು ತಮ್ಮ ತಾಯಿಯನ್ನು ನೆನೆಸಿಕೊಂಡು, ಒಂದು ಗಿಡ ಬೇಕಾದವರು ಎರಡು ಒಯ್ಯುತ್ತಿದ್ದರು.

ಈ ಮಾತು ಹೋದ ವರ್ಷದವರೆಗೆ ನಿಜವೇ ಆಗಿತ್ತು. ಹೋದ ವರ್ಷ ಅವನು ಕಟ್ಟಿದ ಕಸಿಗಳಲ್ಲಿ ಬಹಳಷ್ಟು ಹಿಡಿಯಲಿಲ್ಲ. ಅದೇ ಹೊತ್ತಿಗೆ ಗೇಟಿನ ಮುಂದೆ ಒಂದು ವ್ಯಾನು ನಿಂತಿತು. ವ್ಯಾನಿನವನು ಊರು ಹೇಳಲಿಲ್ಲ, ಇವನು ಕೇಳಲಿಲ್ಲ. ಎಂಬತ್ತು ಗಿಡ ಇಳಿದವು. ನಲವತ್ತು ಆ ವರ್ಷವೇ ತಾಯಿಮರದ ಮಕ್ಕಳೆಂದು ಹೇಳಿಸಿಕೊಂಡು ಬೇರೆ ಬೇರೆ ಮನೆ ಸೇರಿದವು. ಉಳಿದ ನಲವತ್ತು ಮೂರನೆಯ ಸಾಲಿನಲ್ಲಿ ಎಲ್ಲರೊಂದಿಗೆ ಕಲೆತು ಬೆಳೆಯುತ್ತಿದ್ದವು. ಗಿಡಕ್ಕೇನು, ಯಾರನ್ನಾದರೂ ತಾಯಿ ಅನ್ನುತ್ತದೆ.

ಆಗ ಬಂತು ಹೊಸ ನಿಯಮ. ನಿಂಬೆ ಜಾತಿಗೆ ಒಂದು ಕೆಟ್ಟ ರೋಗ ಹಬ್ಬುತ್ತಿದೆ, ಆದ್ದರಿಂದ ಇನ್ನು ಮುಂದೆ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದ ನರ್ಸರಿ ಒಂದು ನಿಂಬೆಗಿಡವನ್ನೂ ಮಾರುವಂತಿಲ್ಲ. ಪ್ರತಿ ಗಿಡಕ್ಕೂ ಚೀಟಿ ಇರಬೇಕು. ಯಾವ ಮರದಿಂದ ಬಂತು, ಯಾವತ್ತು ಕಸಿಯಾಯಿತು, ಯಾರ ಮನೆಗೆ ಹೋಯಿತು, ಎಲ್ಲಕ್ಕೂ ಪುಸ್ತಕ ಇರಬೇಕು. ಅರ್ಜಿ ಕೊಟ್ಟ ದಿನದಿಂದ ತಪಾಸಣೆ ಮುಗಿಯುವವರೆಗೆ ಒಂದು ಗಿಡವೂ ಗೇಟಿನ ಹೊರಗೆ ಹೋಗಬಾರದು. ತಪಾಸಣೆಯಲ್ಲಿ ಬಿದ್ದರೆ ಇದ್ದಬದ್ದ ಗಿಡವನ್ನೆಲ್ಲ ಸುಟ್ಟು ಗೇಟಿಗೆ ಮೊಹರು. ನಿಂಬೆ ಬಿಟ್ಟು ಬೇರೇನೂ ಗೊತ್ತಿಲ್ಲದ ಮನುಷ್ಯನಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅರ್ಜಿ ಕೊಡಲು ಇಲಾಖೆಯ ಕಚೇರಿಗೆ ಹೋದ. ಹನ್ನೊಂದನೆಯ ಕಾಲಮ್ಮಿನವರೆಗೆ ಎಲ್ಲವೂ ಚೆನ್ನಾಗಿಯೇ ನಡೆಯಿತು. "ಸಸ್ಯ ಆರೋಗ್ಯ ಮೇಲ್ವಿಚಾರಕರ ಹೆಸರು ಮತ್ತು ಅನುಭವ" ಎಂದಿತ್ತು. ಚಿಕ್ಕ ನರ್ಸರಿಯವರು ಅದನ್ನು ಖಾಲಿ ಬಿಡಬಹುದು, ಮಾಲೀಕರ ಸಹಿ ಸಾಕು ಎಂದು ಗುಮಾಸ್ತ ತಲೆಯೆತ್ತದೆ ಹೇಳಿದ. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಅವನ ಬೆನ್ನಿಗೇ ಸರತಿಯಲ್ಲಿ ದೊಡ್ಡ ನರ್ಸರಿಯ ಮ್ಯಾನೇಜರು ನಿಂತಿದ್ದ. ಮ್ಯಾನೇಜರನ ಪಕ್ಕದಲ್ಲಿ, ಕೊರಳಿಗೆ ಭೂತಗನ್ನಡಿ ನೇತುಹಾಕಿಕೊಂಡ ಒಬ್ಬ ಸಸ್ಯತಜ್ಞ ನಿಂತಿದ್ದ. ಗುಮಾಸ್ತನ ಬಾಯಿಂದ ಬಂದ "ಚಿಕ್ಕ" ಎಂಬ ಮಾತು ಅವರಿಬ್ಬರ ಕಿವಿಗೂ ಬಿತ್ತು.

"ಚಿಕ್ಕದು ಅಂತ ನಿಮಗ್ಯಾರು ಹೇಳಿದ್ದು?" ಅಂದ ತಾಯಿಮರದಣ್ಣ. "ನಮ್ಮಲ್ಲೂ ಮೇಲ್ವಿಚಾರಕರು ಇದ್ದಾರೆ. ಬರ್ಕೊಳ್ಳಿ."

ಗುಮಾಸ್ತ ಪೆನ್ನು ಎತ್ತಿದ. ಹೆಸರು ಕೇಳಿದ. ಆ ಗಳಿಗೆಯಲ್ಲಿ ತಾಯಿಮರದಣ್ಣನ ತಲೆಯಲ್ಲಿ ಇದ್ದ ಹೆಸರೆಲ್ಲ ಹಾರಿಹೋಗಿ, ಎಷ್ಟು ಪ್ರಯತ್ನಪಟ್ಟರೂ ಮರೆಯಲಾಗದ ಒಂದೇ ಒಂದು ಹೆಸರು ಉಳಿಯಿತು. ಅದು ಅವನ ಅತ್ತೆಯದು. ಹೇಳಿಬಿಟ್ಟ. ಯಾವ ಕೆಲಸದಲ್ಲಿ ಅನುಭವ ಎಂದು ಕೇಳಿದಾಗ "ತಪಾಸಣೆ" ಅಂದ. ಎಷ್ಟು ವರ್ಷ ಅಂದಾಗ "ಮೂವತ್ತೊಂದು" ಅಂದ. ಕೊರಳಿಗೆ ಭೂತಗನ್ನಡಿ ಹಾಕಿಕೊಂಡಿದ್ದ ತಜ್ಞ ಗೌರವದಿಂದ ಅರ್ಧ ಹೆಜ್ಜೆ ಹಿಂದೆ ಸರಿದ.

ನ್ಯಾಯವಾಗಿ ಹೇಳಬೇಕೆಂದರೆ ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಅತ್ತೆಯವರು ಮೂವತ್ತೊಂದು ವರ್ಷ ತಪಾಸಣೆ ಮಾಡಿದವರೇ. ಟೌನ್ ಬಸ್ಸಿನಲ್ಲಿ, ಟಿಕೆಟ್ಟು.

ಊರಿಗೆಲ್ಲ ಅವರು ಚೆಕಿಂಗಮ್ಮ. ಬಸ್ಸು ತುಂಬಿದ ಜನಜಂಗುಳಿಯಲ್ಲಿ ಟಿಕೆಟ್ ಇಲ್ಲದವನ ಕಿವಿಯ ತುದಿ ಕೆಂಪಾಗುವುದನ್ನು ಮೆಟ್ಟಿಲಿನಿಂದಲೇ ಕಂಡುಹಿಡಿಯುತ್ತಿದ್ದರಂತೆ. ಹೆಣ್ಣು ನೋಡಲು ಬರುತ್ತಿದ್ದ ತಾಯಿಮರದಣ್ಣ ಯೋಚನೆಯಲ್ಲಿ ಮುಳುಗಿ ತನ್ನ ಟಿಕೆಟ್ಟಿಗಿಂತ ಒಂದು ಸ್ಟಾಪು ಮುಂದೆ ಬಂದಿದ್ದಕ್ಕೆ ದಂಡ ಹಾಕಿ, ರಶೀದಿ ಕೊಟ್ಟು, ಮನೆಗೆ ಕರೆದುಕೊಂಡು ಹೋಗಿ ಕಾಫಿ ಕೊಟ್ಟವರು ಅವರೇ. ನಿವೃತ್ತಿಯಾದ ಮೇಲೆ ಮಗಳ ಮನೆಯಲ್ಲಿದ್ದರು. ಚೆಕ್ ಮಾಡಲು ಏನೂ ಸಿಗದೆ ಒಂದು ಥರ ಸೊರಗಿದ್ದರು.

ಹದಿನೈದು ದಿನದಲ್ಲಿ ಇಲಾಖೆಯಿಂದ ಕಾಗದ ಬಂತು. ತಾಯಿಮರದಣ್ಣನಿಗಲ್ಲ, ಮೇಲ್ವಿಚಾರಕರಿಗೆ. ಅಂಚೆಯವನು ಅದನ್ನು ನೇರವಾಗಿ ಅತ್ತೆಯವರ ಕೈಗೇ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಜೊತೆಗಿದ್ದ ಮಾರ್ಗಸೂಚಿಯ ಹದಿನಾರು ಪುಟವನ್ನೂ ಓದಿದರು. ಆಮೇಲೆ ಎದ್ದು ಪೆಟ್ಟಿಗೆಯಿಂದ ಖಾಕಿ ಕೋಟು ತೆಗೆದು ಕೊಡವಿದರು. ಆ ಕೋಟಿನ ಸದ್ದು ಕೇಳಿಯೇ ತಾಯಿಮರದಣ್ಣನ ಕೈ ತಾನಾಗಿ ಜೇಬಿಗೆ ಹೋಯಿತು.

"ನನ್ನನ್ನ ಒಂದು ಮಾತು ಕೇಳದೆ ಹೆಸರು ಕೊಟ್ಟಿದ್ದೀರಿ ಅಳಿಯಂದಿರೇ," ಅಂದರು. "ಇರಲಿ. ಕೆಲಸ ಅಂದಮೇಲೆ ಕೆಲಸ. ಎಷ್ಟು ಗಿಡ ಇದೆ?"

"ಇರಬಹುದು ಅತ್ತೆ, ಒಂದು ಆರುನೂರು."

"ಇರಬಹುದು ಅನ್ನೋ ಸಂಖ್ಯೆ ಯಾವ ಪುಸ್ತಕದಲ್ಲೂ ಇಲ್ಲ."

ಆರುನೂರ ಹನ್ನೆರಡು ಇದ್ದವು. ಮರುದಿನದಿಂದ ಚೆಕಿಂಗ್ ಶುರುವಾಯಿತು. ಅತ್ತೆಯವರು ಸಾಲಿನ ಆ ತುದಿಯಿಂದ ಹತ್ತಿ ಈ ತುದಿಯಲ್ಲಿ ಇಳಿಯುತ್ತಿದ್ದರು. ಒಂದೊಂದು ಗಿಡದ ಮುಂದೆಯೂ ನಿಂತು, ಎಲೆಯನ್ನು ಮಗುಚಿ, ಎಲ್ಲಿ ಹತ್ತಿದ್ದು ಎಂದು ಅಳಿಯನನ್ನು ಕೇಳುತ್ತಿದ್ದರು. ಅಂದರೆ ಯಾವ ಮರದ ಕಡ್ಡಿ, ಯಾವತ್ತಿನ ಕಸಿ. ಅವನು ಗಿಡಗಳನ್ನು ಮುಖ ನೋಡಿ ಗುರುತಿಸುವವನು, ಬರೆದಿಟ್ಟವನಲ್ಲ. ಆದರೂ ತಲೆ ಕೆರೆದುಕೊಂಡು, ಆ ದಿನ ಮಳೆ ಬಂದಿತ್ತು, ಈ ದಿನ ಟೈಲರನ ಮಗಳಿಗೆ ಮಂಪ್ಸ್ ಆಗಿತ್ತು ಎಂದು ನೆನಪು ಮಾಡಿಕೊಂಡು ಹೇಳುತ್ತಿದ್ದ. ಅತ್ತೆಯವರು ಟೈಲರನ ಮನೆಗೆ ಹೋಗಿ ಮಂಪ್ಸಿನ ತಾರೀಖು ಖಚಿತಪಡಿಸಿಕೊಂಡು ಬಂದು ಬರೆಯುತ್ತಿದ್ದರು. ಹೀಗೆ ನಮ್ಮ ಬೀದಿಯ ಮೂರು ವರ್ಷದ ಜ್ವರ, ಜಗಳ, ನಲ್ಲಿ ಒಡೆದದ್ದು, ಎಲ್ಲವೂ ನಿಂಬೆಗಿಡದ ಚರಿತ್ರೆಯಲ್ಲಿ ಸೇರಿಹೋದವು.

ಮೂರನೆಯ ಸಾಲಿಗೆ ಬಂದಾಗ ತಾಯಿಮರದಣ್ಣನಿಗೆ ಬಾಯಾರಿಕೆ ಶುರುವಾಯಿತು. ನೀರು ಕುಡಿದು ಬಂದ. ಮತ್ತೆ ಬಾಯಾರಿತು.

"ಇವು ನಲವತ್ತು. ಎಲ್ಲಿ ಹತ್ತಿದ್ದು?"

"ತಾಯಿಮರದ್ದೇ ಅತ್ತೆ. ಬರ್ಕೊಳ್ಳಿ."

"ಯಾವತ್ತು?"

"ಹೋದ ವರ್ಷ."

"ಅವತ್ತು ಬೀದೀಲಿ ಏನಾಗಿತ್ತು?"

ಏನೂ ಆಗಿರಲಿಲ್ಲ. ಇಷ್ಟು ದೊಡ್ಡ ಬೀದಿಯಲ್ಲಿ ನಲವತ್ತು ಗಿಡದ ಕಸಿಯಾದ ದಿನ ಒಂದು ಮಗುವೂ ಕೆಮ್ಮಿರಲಿಲ್ಲ. ಅತ್ತೆಯವರು ಅವನ ಕಿವಿಯ ತುದಿಯನ್ನೇ ಎರಡು ನಿಮಿಷ ನೋಡಿದರು. ಆಮೇಲೆ ಪುಸ್ತಕದಲ್ಲಿ ನಲವತ್ತು ಸಾಲು ಬರೆದು, "ಎಲ್ಲಿಂದ" ಎಂಬ ಕಾಲಮ್ಮನ್ನು ಖಾಲಿ ಬಿಟ್ಟರು. ಅಳಿಯಂದಿರಿಗೆ ನೆನಪಾದ ದಿನ ತುಂಬುತ್ತೇನೆ, ಅಲ್ಲಿಯವರೆಗೆ ಟಿಕೆಟ್ ಇಲ್ಲದವರು ಟಿಕೆಟ್ ಇದ್ದವರ ಜೊತೆ ನಿಲ್ಲುವಂತಿಲ್ಲ ಎಂದರು. ನಲವತ್ತನ್ನೂ ದೂರದ ಮೂಲೆಗೆ ಸಾಗಿಸಿದರು. ರೋಗ ಹರಡುವುದು ಒಂದು ಸಣ್ಣ ಹುಳುವಿನಿಂದ ಎಂದು ಮಾರ್ಗಸೂಚಿಯ ಒಂಬತ್ತನೆಯ ಪುಟದಲ್ಲಿತ್ತು. ಆದ್ದರಿಂದ ಮನೆಯಲ್ಲಿದ್ದ ಸೊಳ್ಳೆಪರದೆ ಎರಡನ್ನೂ ತಂದು ಆ ಗಿಡಗಳ ಮೇಲೆ ಕಟ್ಟಿದರು. ಆಗಿನಿಂದ ಮನೆಮಂದಿಯೆಲ್ಲ ಮೈ ಕೆರೆದುಕೊಂಡು ಮಲಗಿದರು. ಗಿಡಗಳು ಮಾತ್ರ ಸುಖವಾಗಿ ನಿದ್ದೆ ಮಾಡಿದವು.

"ನಿಜ ಏನಿದೆಯೋ ಹೇಳಿಬಿಡಿ ರೀ," ಅಂದಳು ಹೆಂಡತಿ, ಕೆನ್ನೆ ಕೆರೆದುಕೊಳ್ಳುತ್ತ. "ಅಮ್ಮನ ಕಣ್ಣು ತಪ್ಪಿಸಿ ನಮ್ಮಪ್ಪನ ಕೈಲೇ ಒಂದು ದಿನ ಇಳಿಯೋಕಾಗಲಿಲ್ಲ. ನೀವ್ಯಾವ ಮಹಾ."

ಹೇಳಿದರೆ ತಾಯಿಮರದ ಮಾತು ಬೀದಿಪಾಲಾಗುತ್ತದೆ. ಹೇಳದಿದ್ದರೆ ಆ ಖಾಲಿ ಕಾಲಮ್ಮು ಪರಿವೀಕ್ಷಕರ ಕಣ್ಣಿಗೆ ಬೀಳುತ್ತದೆ. ಎರಡರ ನಡುವೆ ಮೂರನೆಯ ದಾರಿಯೊಂದು ಇದ್ದೇ ಇರುತ್ತದೆ ಎಂದು ನಂಬಿದವನು ತಾಯಿಮರದಣ್ಣ. ಅವನ ಜೀವನದ ಅನಾಹುತಗಳೆಲ್ಲ ಆ ಮೂರನೆಯ ದಾರಿಯಲ್ಲೇ ನಡೆದಿವೆ ಎಂದು ಈಗ ಅವನೇ ಹೇಳಿಕೊಂಡು ನಗುತ್ತಾನೆ. ಆಗ ನಗು ಬಂದಿರಲಿಲ್ಲ.

ತಪಾಸಣೆಯ ದಿನ ಬೆಳಿಗ್ಗೆ ಅತ್ತೆಯವರು ಖಾಕಿ ಕೋಟಿಗೆ ಇಸ್ತ್ರಿ ಹಾಕಿಸಲು ಹೋದರು. ಪರಿವೀಕ್ಷಕರು ಬರುವುದು ಹನ್ನೊಂದಕ್ಕೆ. ತಾಯಿಮರದಣ್ಣನಿಗೆ ಸಿಕ್ಕಿದ್ದು ಒಂದು ಗಂಟೆ. ಕೈಗಾಡಿಗೆ ಸೊಳ್ಳೆಪರದೆಯ ಸಮೇತ ಗಿಡ ತುಂಬಿ ಬೀದಿಗೆ ಇಳಿದ. ಗೇಟಿನ ಹೊರಗೆ ಒಂದು ಎಲೆಯೂ ಹೋಗಬಾರದೆಂಬ ನಿಯಮ ಅವನಿಗೆ ನೆನಪಿರಲಿಲ್ಲ ಎಂದಲ್ಲ. ಸಂಜೆಗೆ ವಾಪಸು ತರುವ ಗಿಡ ಹೊರಗೆ ಹೋದ ಲೆಕ್ಕವೇ ಅಲ್ಲ ಎಂದು ಅದಕ್ಕೊಂದು ವ್ಯಾಖ್ಯಾನ ಬರೆದುಕೊಂಡಿದ್ದ.

ಪಕ್ಕದ ಟೈಲರ್ ಹನ್ನೆರಡು ಗಿಡ ಒಳಗಿಟ್ಟುಕೊಳ್ಳಲು ಒಪ್ಪಿದ, ಅಳತೆ ನೋಡುವ ಪರದೆಯ ಹಿಂದೆ. ಹಲ್ಲಿನ ಡಾಕ್ಟರು ಹತ್ತನ್ನು ಕಾಯುವವರ ಬೆಂಚಿನ ಪಕ್ಕ ಇಡಿಸಿಕೊಂಡರು, ಹಸಿರು ಕಂಡರೆ ರೋಗಿಗಳಿಗೆ ಭಯ ಕಡಿಮೆಯಾಗುತ್ತದೆ ಎಂದು. ಉಳಿದ ಹದಿನೆಂಟು ಫೋಟೋ ಸ್ಟುಡಿಯೋಗೆ ಹೋದವು. ಸ್ಟುಡಿಯೋದವನು ಕಾರಣ ಕೂಡ ಕೇಳಲಿಲ್ಲ. ಹರಿದುಹೋಗಿದ್ದ ಜಲಪಾತದ ಪರದೆಯ ಮುಂದೆ ಅವನ್ನು ಸಾಲಾಗಿ ಜೋಡಿಸಿ, ಆ ಬೆಳಿಗ್ಗೆಯೇ ಎರಡು ಕುಟುಂಬದ ಫೋಟೋ ತೆಗೆದ.

ಯಾಕೆ, ಏನು ಎಂದು ಮೂವರಿಗೂ ಗೊತ್ತಿರಲಿಲ್ಲ. ಪರಿವೀಕ್ಷಕರು ಬರುತ್ತಾರೆ, ಜಾಗ ಸಾಲದು, ಅಷ್ಟೇ ಅಂದಿದ್ದ. ಅದು ಅವನ ಎರಡನೆಯ ತಪ್ಪು. ಕಾರಣ ಗೊತ್ತಿದ್ದರೆ ಅವರು ಬಾಯಿ ಮುಚ್ಚಿಕೊಂಡು ಇರುತ್ತಿದ್ದರೋ ಏನೋ.

ಪರಿವೀಕ್ಷಕಿ ಹನ್ನೊಂದಕ್ಕೆ ಸರಿಯಾಗಿ ಬಂದರು. ನಲವತ್ತರ ಆಸುಪಾಸಿನ ಹೆಂಗಸು, ಕಡಿಮೆ ಮಾತು, ಕೈಯಲ್ಲಿ ಪ್ಲಾಸ್ಟಿಕ್ ಚೀಲಗಳ ಕಟ್ಟು. ಅತ್ತೆಯವರು ಇಸ್ತ್ರಿಯ ಬಿಸಿ ಆರದ ಕೋಟಿನಲ್ಲಿ ಗೇಟಿನಲ್ಲೇ ನಿಂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿಕೊಂಡರು. ಒಂದೇ ಜಾತಿಯ ಎರಡು ಹಕ್ಕಿ ಒಂದೇ ಕೊಂಬೆಯಲ್ಲಿ ಕೂತ ಹಾಗಾಯಿತು.

ಪುಸ್ತಕ ನೋಡಿ ಪರಿವೀಕ್ಷಕಿ ಮೊದಲ ಸಲ ಹುಬ್ಬೇರಿಸಿದರು. ದೊಡ್ಡ ನರ್ಸರಿಯಲ್ಲೂ ಇಂಥ ದಾಖಲೆ ನೋಡಿಲ್ಲ ಎಂದರು. ಅಲ್ಲಿಂದಿಲ್ಲಿಂದ ಇಪ್ಪತ್ತು ಗಿಡ ಆರಿಸಿ ಚೀಟಿಗೂ ಪುಸ್ತಕಕ್ಕೂ ತಾಳೆ ನೋಡಿದರು, ಇಪ್ಪತ್ತೂ ಸರಿಯಿದ್ದವು. ತಾಯಿಮರದಣ್ಣ ಎದೆಯುಬ್ಬಿಸಿ, ನಮ್ಮ ಮೇಲ್ವಿಚಾರಕರು ಅಂದರೆ ಹಾಗೆಯೇ ಎಂದು ಹೇಳುವಷ್ಟರಲ್ಲಿ ಅತ್ತೆಯವರು ಮೂಲೆಯ ಕಡೆ ನಡೆದರು. ಮೂಲೆ ಬೋಳಾಗಿತ್ತು.

ಅತ್ತೆಯವರು ಕೂಗಾಡಲಿಲ್ಲ. ಕೋಟಿನ ಜೇಬಿನಿಂದ ಪೆನ್ನು ತೆಗೆದು ಗಡಿಯಾರ ನೋಡಿ ಪುಸ್ತಕದಲ್ಲಿ ಏನನ್ನೋ ಬರೆದರು. "ಮೇಡಂ, ಇಲ್ಲಿ ನಲವತ್ತು ಗಿಡ ಇತ್ತು. ಟಿಕೆಟ್ ಇಲ್ಲದವು. ಚಲಿಸೋ ಬಸ್ಸಿನಿಂದ ಇಳಿದು ಹೋಗಿವೆ," ಎಂದರು. ಆಮೇಲೆ ಅಳಿಯನನ್ನು ನೋಡಿದರು. ಅವನ ಕಿವಿ ಈಗ ನಿಂಬೆಹಣ್ಣಲ್ಲ, ದಾಳಿಂಬೆಯಾಗಿತ್ತು.

ಆಮೇಲೆ ಬೀದಿಯಲ್ಲಿ ನಡೆದದ್ದನ್ನು ನಾವೆಲ್ಲ ನೋಡಿದ್ದೇವೆ. ಅತ್ತೆಯವರು ಮುಂದೆ, ಪರಿವೀಕ್ಷಕಿ ಅವರ ಹಿಂದೆ, ಅವರ ಹಿಂದೆ ಖಾಲಿ ಕೈಗಾಡಿ ತಳ್ಳಿಕೊಂಡು ತಾಯಿಮರದಣ್ಣ. ಮಣ್ಣಿನ ಜಾಡು ಹಿಡಿದು ಹೋದರು. ಟೈಲರನ ಅಂಗಡಿಯಲ್ಲಿ ಅಳತೆಯ ಪರದೆ ಸರಿಸಿದಾಗ ಒಬ್ಬ ಗಿರಾಕಿ ಅರ್ಧ ಪ್ಯಾಂಟಿನಲ್ಲಿ ಹನ್ನೆರಡು ಗಿಡದ ನಡುವೆ ನಿಂತಿದ್ದ. ಅವನ ಕಾಲಿಗೆ ಮುಳ್ಳು ಗೀರಿತ್ತು. ಸ್ಟುಡಿಯೋದಲ್ಲಿ ಗಂಡಹೆಂಡತಿ ಗಿಡದ ನಡುವೆ ಕೆನ್ನೆಗೆ ಕೆನ್ನೆ ತಾಗಿಸಿ ಕೂತಿದ್ದರು. ಅವರ ಮುಖದ ಮುಂದಿನಿಂದಲೇ ಒಂದೊಂದಾಗಿ ಹದಿನೆಂಟು ಗಿಡ ಎತ್ತಿಕೊಂಡು ಬರಬೇಕಾಯಿತು. ನರ್ಸರಿಗೆ ತಿರುಗಿ ಬರುವಾಗ ಅರ್ಧ ಬೀದಿಯೇ ಹಿಂದೆ ಬಂತು.

ಅತ್ತೆಯವರು ಎಣಿಸಿದರು. ಮತ್ತೊಮ್ಮೆ ಎಣಿಸಿದರು. ನಲವತ್ತೊಂದಿದ್ದವು.

ಹಲ್ಲಿನ ಡಾಕ್ಟರು ಗಂಟಲು ಸರಿಮಾಡಿಕೊಂಡು, ಆ ಒಂದು ತನ್ನದು ಎಂದರು. ಮೂರು ವರ್ಷದ ಹಿಂದೆ ಇಲ್ಲಿಂದಲೇ ಒಯ್ದದ್ದು, ಮುಳ್ಳು ಬಿಟ್ಟು ಇಂದಿನವರೆಗೆ ಏನೂ ಬಿಟ್ಟಿಲ್ಲ, ಹೇಗೂ ಗಿಡಗಳು ವಾಪಸು ಹೋಗುತ್ತಿವೆಯಲ್ಲ ಎಂದು ಜೊತೆಗೆ ಕಳಿಸಿದೆ ಎಂದರು. ಪರಿವೀಕ್ಷಕಿ ಅದರ ಬುಡ ನೋಡಿ, ಮೇಲಿನ ಕಸಿ ಸತ್ತು ಬಹಳ ದಿನವಾಗಿದೆ, ಡಾಕ್ಟರು ಮೂರು ವರ್ಷದಿಂದ ನೀರೆರೆಯುತ್ತಿರುವುದು ಕೆಳಗಿನ ಕಾಡುನಿಂಬೆಗೆ ಎಂದರು. ಡಾಕ್ಟರು ಬೇರು ಕೊಳೆತ ಹಲ್ಲು ಕಂಡವರಂತೆ ತಾಯಿಮರದಣ್ಣನನ್ನು ನೋಡಿದರು.

ಆದರೆ ಪರಿವೀಕ್ಷಕಿಯ ಗಮನ ಆಗಲೇ ನಲವತ್ತರ ಕಡೆ ಹೋಗಿತ್ತು. ಮೂರು ಗಿಡದ ಎಲೆಗಳನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ನಡುನರದ ಆಚೆಗೊಂದು ಥರ, ಈಚೆಗೊಂದು ಥರ ಹಳದಿ ಮಚ್ಚೆ. ಎಲೆ ಕಿತ್ತು ಚೀಲಕ್ಕೆ ಹಾಕಿದರು.

"ಇದೇ ಆ ರೋಗದ ಗುರುತು," ಅಂದರು. "ಈ ನಲವತ್ತು ಯಾವ ಮರದವು?"

ಅಭ್ಯಾಸಬಲ ಎಂಬುದು ದೊಡ್ಡದು. ತಾಯಿಮರದಣ್ಣ ಬಾಯಿ ತೆರೆಯುವ ಮೊದಲೇ ಅವನ ಕೈ ಹಿತ್ತಲಿನ ಕಡೆ ಎದ್ದಿತ್ತು.

ಪರಿವೀಕ್ಷಕಿ ಆ ಕೈ ತೋರಿಸಿದ ದಿಕ್ಕನ್ನು ನೋಡಿದರು. ಮರವನ್ನು ನೋಡಿದರು. ಹಾಗಾದರೆ ಕಷ್ಟ ಎಂದರು. ಈ ರೋಗ ದೊಡ್ಡ ಮರದಲ್ಲಿ ವರ್ಷಗಟ್ಟಲೆ ಮುಖ ತೋರಿಸದೆ ಕೂತಿರುತ್ತದೆ. ಮಕ್ಕಳಲ್ಲಿ ಕಂಡಿತೆಂದರೆ ತಾಯಿಯಲ್ಲಿ ಇದ್ದೇ ಇದೆ. ಮರ ಕಡಿಯಬೇಕು, ಅದರ ಕಡ್ಡಿ ಕಟ್ಟಿದ ಆರುನೂರ ಹನ್ನೆರಡನ್ನೂ ಸುಡಬೇಕು. ಹಾಗೆಂದು ಹೇಳಿ ಚೀಲದಿಂದ ಕೆಂಪು ಬಣ್ಣದ ಡಬ್ಬಿಯೊಂದನ್ನು ತೆಗೆದರು, ಮರಕ್ಕೆ ಗುರುತು ಹಾಕಲು.

ತಾಯಿಮರದಣ್ಣನ ಕೈ ಇನ್ನೂ ಗಾಳಿಯಲ್ಲೇ ಇತ್ತು. ಅದನ್ನು ಇಳಿಸುವುದು ಹೇಗೆಂದು ತೋಚಲಿಲ್ಲ. ಅವನ ಅಪ್ಪ ಕೊಟ್ಟ ಮರವಲ್ಲ, ಅಜ್ಜ ನೆಟ್ಟದ್ದೂ ಅಲ್ಲ. ತಾನೇ ಹದಿನೆಂಟನೆಯ ವಯಸ್ಸಿನಲ್ಲಿ ಯಾವುದೋ ಗಾರೆಯ ರಾಶಿಯಲ್ಲಿ ಹುಟ್ಟಿದ್ದನ್ನು ಕಿತ್ತು ತಂದು ಹಾಕಿದ್ದು. ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ ಎಂಬುದು ಆ ಮರಕ್ಕೆ ಮೊದಲು ಗೊತ್ತಾಗಿತ್ತು, ಆಮೇಲೆ ಅವನಿಗೆ.

"ಮೇಡಂ, ಅದಲ್ಲ," ಅಂದ. "ಆ ಮರದವಲ್ಲ ಇವು. ನಾನು ಸುಳ್ಳು ಹೇಳಿದೆ. ವ್ಯಾನಿನಲ್ಲಿ ಬಂದವು. ಯಾವ ಊರಿನ ವ್ಯಾನೋ ನನಗೇ ಗೊತ್ತಿಲ್ಲ."

ಇಂಥ ಮಾತು ಹೇಳಲು ಒಬ್ಬ ಮನುಷ್ಯನಿಗೆ ಎಷ್ಟು ಕಷ್ಟ ಎಂದು ಬೀದಿಗೆ ಅರ್ಥವಾಗಬೇಕಿತ್ತು. ಆಗಲಿಲ್ಲ. ಮೊದಲು ಮುಂದೆ ಬಂದವನು ಟೈಲರ್. ಕೊರಳಲ್ಲಿದ್ದ ಟೇಪನ್ನು ಸರಿಮಾಡಿಕೊಂಡು ಪರಿವೀಕ್ಷಕಿಗೆ ಕೈಮುಗಿದ.

"ಇಲ್ಲ ಮೇಡಂ, ಭಯಕ್ಕೆ ಏನೇನೋ ಹೇಳ್ತಿದ್ದಾರೆ. ಅಣ್ಣ ಅಂಥವರಲ್ಲ. ಹೊರಗಿನ ಒಂದು ಎಲೆ ಒಳಗೆ ಬಿಟ್ಟವರಲ್ಲ. ಇವೆಲ್ಲ ತಾಯಿಮರದ ಮಕ್ಕಳೇ. ನಾನು ಎಲ್ಲಿ ಬೇಕಾದರೂ ಬಂದು ಹೇಳ್ತೀನಿ."

"ಸುಮ್ನಿರೋ ಮಾರಾಯ," ಅಂದ ತಾಯಿಮರದಣ್ಣ.

"ನೀವು ಸುಮ್ನಿರಿ ಅಣ್ಣ. ನಿಮ್ಮ ಮರ್ಯಾದೆ ನಿಮಗೆ ಬೇಡದೆ ಇರಬಹುದು, ಬೀದಿಗೆ ಬೇಕು."

ಸ್ಟುಡಿಯೋದವನು ತಾನು ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಇವನಷ್ಟು ಸತ್ಯವಂತನನ್ನು ಇನ್ನೂ ಫೋಟೋ ತೆಗೆದಿಲ್ಲ ಎಂದ. ಇಬ್ಬರು ಹೆಂಗಸರು ತಾವು ಹೋದ ವರ್ಷ ಒಯ್ದ ಗಿಡಗಳ ಮೇಲೆ ಆಣೆ ಮಾಡಲು ಸಿದ್ಧರಾದರು. ಅವರು ಆಣೆ ಮಾಡಲಿದ್ದ ಗಿಡಗಳೂ ವ್ಯಾನಿನವೇ. ಕಸಿ ಸತ್ತ ಗಿಡ ಹಿಡಿದುಕೊಂಡು ನಿಂತಿದ್ದ ಹಲ್ಲಿನ ಡಾಕ್ಟರು ಕೂಡ, ನನ್ನದು ನನ್ನ ಹಣೆಬರಹ, ಆದರೆ ಆತ ಸುಳ್ಳುಗಾರ ಅಲ್ಲ ಎಂದು ಉದಾರವಾಗಿ ನುಡಿದರು. ತಾಯಿಮರದಣ್ಣ ತಾನು ಸುಳ್ಳುಗಾರನೆಂದು ಒಬ್ಬೊಬ್ಬರ ಕೈಹಿಡಿದು ಬೇಡಿಕೊಂಡ. ಅವನು ಬೇಡಿದಷ್ಟೂ ಅವನ ಸತ್ಯಸಂಧತೆಯ ಬಗ್ಗೆ ಅವರಿಗೆ ನಂಬಿಕೆ ಬಲವಾಯಿತು. ಇಡೀ ಬೀದಿ ಒಟ್ಟಾಗಿ, ಅತ್ಯಂತ ಪ್ರೀತಿಯಿಂದ, ಅವನ ನರ್ಸರಿಗೆ ಬೆಂಕಿ ಹಚ್ಚುತ್ತಿತ್ತು.

ಪರಿವೀಕ್ಷಕಿ ಡಬ್ಬಿಯ ಮುಚ್ಚಳ ತೆರೆದರು. ಇಷ್ಟು ಜನ ಸಾಕ್ಷಿ ಹೇಳುವಾಗ ನಿಮ್ಮೊಬ್ಬರ ಮಾತನ್ನು ಹೇಗೆ ನಂಬಲಿ ಎಂದರು. ಅದೂ ಬೆಳಿಗ್ಗೆ ಗಿಡ ಬಚ್ಚಿಟ್ಟವರ ಮಾತನ್ನು.

"ಅವರ ಮಾತನ್ನ ನಂಬಬೇಡಿ," ಅಂದರು ಅತ್ತೆಯವರು. "ಗಂಟು ನೋಡಿ."

ಅತ್ತೆಯವರು ಬಗ್ಗಿ, ಸಾಲಿನಿಂದ ಚೀಟಿ ಇರುವ ಒಂದು ಗಿಡವನ್ನೂ, ನಲವತ್ತರಿಂದ ಒಂದನ್ನೂ ಎತ್ತಿ ಪಕ್ಕಪಕ್ಕ ಇಟ್ಟರು. ಕಸಿ ಕಟ್ಟಿದ ಜಾಗಕ್ಕೆ ಸುತ್ತಿದ್ದ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಬೆರಳಿಟ್ಟರು. ಟಿಕೆಟ್ ಇದ್ದ ಗಿಡದಲ್ಲಿ ಪಟ್ಟಿ ಎಡಕ್ಕೆ ಸುತ್ತಿಕೊಂಡು ಮೇಲೆ ಹೋಗಿತ್ತು. ಟಿಕೆಟ್ ಇಲ್ಲದ್ದರಲ್ಲಿ ಬಲಕ್ಕೆ.

"ನಮ್ಮ ಅಳಿಯಂದಿರು ಎಡಗೈಯವರು," ಅಂದರು. "ಬಲಕ್ಕೆ ಸುತ್ತೋದು ಅವರಿಂದ ಸತ್ತರೂ ಆಗಲ್ಲ. ಐನೂರ ಎಪ್ಪತ್ತೆರಡು ಎಡಕ್ಕಿದೆ. ನಲವತ್ತು ಬಲಕ್ಕಿದೆ. ಮೂರನೇ ದಿನವೇ ಬರೆದಿಟ್ಟಿದ್ದೀನಿ, ಪುಟ ಹನ್ನೆರಡು. ಎಲ್ಲಿಂದ ಬಂತು ಅನ್ನೋದನ್ನ ಮಾತ್ರ ಅವರ ಬಾಯಿಂದಲೇ ಕೇಳಬೇಕು ಅಂತ ಖಾಲಿ ಬಿಟ್ಟಿದ್ದೆ."

ಪರಿವೀಕ್ಷಕಿ ಸಾಲಿನಲ್ಲಿ ನಡೆದು ಐವತ್ತು ಗಂಟು ನೋಡಿದರು. ತಾಯಿಮರದಣ್ಣನ ಕೈಗೆ ಒಂದು ಕಡ್ಡಿ, ಒಂದು ಪಟ್ಟಿ ಕೊಟ್ಟು ಕಟ್ಟಿ ತೋರಿಸಲು ಹೇಳಿದರು. ಅವನ ಕೈ ಎಡಕ್ಕೇ ಸುತ್ತಿತು. ಬಲಕ್ಕೆ ಸುತ್ತಲು ಹೇಳಿದರು. ಪಟ್ಟಿ ಅವನ ಹೆಬ್ಬೆರಳನ್ನೂ ಸೇರಿಸಿ ಸುತ್ತಿಕೊಂಡಿತು. ಟೈಲರ್ ಬಂದು ಕತ್ತರಿಯಿಂದ ಬಿಡಿಸಿದ.

ಹೀಗೆ, ಒಬ್ಬ ಮನುಷ್ಯ ಸುಳ್ಳು ಹೇಳಿದ್ದಾನೆಂಬುದು ಸರ್ಕಾರಿ ಕ್ರಮದಲ್ಲಿ, ಸಾಕ್ಷಿ ಪುರಾವೆ ಸಮೇತ ರುಜುವಾತಾಯಿತು. ಆ ಸುದ್ದಿ ಕೇಳಿ ಅಷ್ಟು ಸಂತೋಷಪಟ್ಟ ಆರೋಪಿಯನ್ನು ಯಾವ ಅಧಿಕಾರಿಯೂ ನೋಡಿರಲಾರರು. ಪರಿವೀಕ್ಷಕಿಯ ಕೈಹಿಡಿದು ಕುಲುಕಲು ಹೋದ. ಅವರು ಕೈ ಹಿಂದಕ್ಕೆಳೆದುಕೊಂಡು, ಮೊದಲು ಸಾಬೂನು ಹಾಕಿ ತೊಳೆದುಕೊಂಡು ಬನ್ನಿ, ರೋಗದ ಗಿಡ ಮುಟ್ಟಿದ್ದೀರಿ ಎಂದರು.

ತೀರ್ಮಾನ ಅಲ್ಲೇ ಗೇಟಿನ ಬಳಿ ಸ್ಟೂಲಿನ ಮೇಲೆ ಬರೆಯಲ್ಪಟ್ಟಿತು. ನಲವತ್ತು ಗಿಡ, ಜೊತೆಗೆ ಡಾಕ್ಟರ ಮುಳ್ಳುಗಿಡ, ಇವತ್ತೇ ಸುಡಬೇಕು. ನಲವತ್ತನ್ನು ದೂರದಲ್ಲಿಟ್ಟು ಪರದೆ ಕಟ್ಟಿದ್ದರಿಂದ ಉಳಿದವು ಬಚಾವು. ಆದರೂ ಮರದ ಎಲೆ, ಗಿಡದ ಎಲೆ ಪರೀಕ್ಷೆಗೆ ಹೋಗಬೇಕು, ಅದು ಸರಿಯಾಗಿ ಬಂದರೆ ಪ್ರಮಾಣಪತ್ರ. ಗಿಡ ಹೊರಗೆ ಸಾಗಿಸಿದ್ದಕ್ಕೆ ಲಿಖಿತ ಎಚ್ಚರಿಕೆ. ಕಡೆಯದು ಎಲ್ಲಕ್ಕಿಂತ ಭಾರವಾದದ್ದು. ಹೋದ ವರ್ಷ ಮಾರಿದ ನಲವತ್ತು ಗಿಡ ವಾಪಸು ಬರಬೇಕು, ಅದಕ್ಕಾಗಿ ವಿಷಯವನ್ನು ಮಾಲೀಕ ತನ್ನ ಕೈಯಾರೆ ಬೋರ್ಡಿನ ಮೇಲೆ ಬರೆದು ಮೂರು ತಿಂಗಳು ಗೇಟಿಗೆ ತೂಗುಹಾಕಬೇಕು.

ಹೊರಡುವಾಗ ಪರಿವೀಕ್ಷಕಿ ಅತ್ತೆಯವರನ್ನು, ಯಾವ ಸಂಸ್ಥೆಯಲ್ಲಿ ತರಬೇತಿ ಆಯಿತು ಎಂದು ಕೇಳಿದರು. ಟೌನ್ ಬಸ್ಸು, ಮೂವತ್ತೊಂದು ವರ್ಷ ಎಂದರು ಅತ್ತೆಯವರು. ಪರಿವೀಕ್ಷಕಿ "ಅನುಭವ: ಸಾಕಷ್ಟು" ಎಂದು ಬರೆದುಕೊಂಡರು.

ಐದು ವಾರದಲ್ಲಿ ಪ್ರಮಾಣಪತ್ರ ಬಂತು. ಮರಕ್ಕೆ ರೋಗವಿರಲಿಲ್ಲ, ಐನೂರ ಎಪ್ಪತ್ತೆರಡಕ್ಕೂ ಇರಲಿಲ್ಲ. ಹೋದ ವರ್ಷದ ನಲವತ್ತರಲ್ಲಿ ಮೂವತ್ತೊಂಬತ್ತು ಮರಳಿ ಬಂದವು, ಒಂದನ್ನು ಯಾರದೋ ಮನೆಯ ಮೇಕೆ ಇಲಾಖೆಗಿಂತ ಮೊದಲೇ ವಿಲೇವಾರಿ ಮಾಡಿತ್ತು. ಗಿಡ ತಂದುಕೊಟ್ಟವರಿಗೆಲ್ಲ ತಾಯಿಮರದಣ್ಣ ಎಡಗೈ ಗಂಟಿನ ಗಿಡವೊಂದನ್ನು ಬದಲಿಗೆ ಕೊಟ್ಟ. ಕೊಡುವಾಗ ತಾನು ಹೆಬ್ಬೆರಳು ಸುತ್ತಿಕೊಂಡ ಕಥೆಯನ್ನೂ ಹೇಳಿದ. ಒಬ್ಬೊಬ್ಬರಿಗೆ ಹೇಳುವಾಗಲೂ ತನ್ನ ಪೆದ್ದುತನವನ್ನು ಸ್ವಲ್ಪ ಹೆಚ್ಚಿಸಿಕೊಂಡೇ ಹೇಳಿದ. ಈ ವಿಷಯದಲ್ಲೂ ಅವನಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಲು ಬರುವುದಿಲ್ಲ.

ಬೋರ್ಡು ಮಾತ್ರ ಗೇಟಿನಲ್ಲೇ ಇತ್ತು. "ತಾಯಿಮರದ್ದೆಂದು ಹೇಳಿ ಹೋದ ವರ್ಷ ನಾನು ಮಾರಿದ ನಲವತ್ತು ಗಿಡ ತಾಯಿಮರದ್ದಲ್ಲ. ನಾನು ಸುಳ್ಳು ಹೇಳಿದ್ದೆ. ದಯವಿಟ್ಟು ವಾಪಸು ತನ್ನಿ." ಕೆಳಗೆ ಅವನ ಸಹಿ.

ಪ್ರಮಾಣಪತ್ರ ಬಂದ ಮರುದಿನ ಬೇರೆ ಬೀದಿಯ ಒಬ್ಬ ಅಜ್ಜಿ ಗಿಡ ಕೊಳ್ಳಲು ಬಂದರು. ಗೇಟಿನಲ್ಲಿ ನಿಂತು ಬೋರ್ಡನ್ನು ಪೂರ್ತಿ ಓದಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ತಾಯಿಮರದಣ್ಣ ಗಿಡ ಹಿಡಿದು ಕಾಯುತ್ತ ನಿಂತಿದ್ದ. ಈ ಸಲ ಹಿತ್ತಲ ಕಡೆ ಕೈ ತೋರಿಸಲಿಲ್ಲ.

"ಅಲ್ಲಪ್ಪಾ," ಅಂದರು ಅಜ್ಜಿ, "ಸುಳ್ಳು ಹೇಳ್ತೀನಿ ಅಂತ ನೀನೇ ಬರೆದು ಹಾಕಿಕೊಂಡಿದ್ದೀಯ. ಈಗ ನೀನು ಕೊಡೋ ಈ ಗಿಡ ತಾಯಿಮರದ್ದು ಅಂತ ನಾನು ಹ್ಯಾಗೆ ನಂಬಲಿ?"

ತಾಯಿಮರದಣ್ಣ ಗಿಡವನ್ನು ಅಜ್ಜಿಯ ಪಕ್ಕ ಇಟ್ಟ, ಮನೆಯ ಕಡೆ ತಿರುಗಿದ.

"ಅತ್ತೆ," ಎಂದು ಕೂಗಿದ, "ಸ್ವಲ್ಪ ಬನ್ನಿ. ಇವರಿಗೆ ನನ್ನ ಮೇಲೆ ನಂಬಿಕೆ ಇಲ್ಲ. ನಿಮ್ಮ ಹಾಗೇನೇ ಬುದ್ಧಿವಂತರು."